ಕಾಮಸೂತ್ರದ ವಿದ್ಯಾಸಮುದ್ದೇಶವೂ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣವೂ

ಭರತಖಂಡದ ಶಾಸ್ತ್ರಪರಂಪರೆಯಲ್ಲಿ ಕಾಮವು ಪುರುಷಾರ್ಥಗಳಲ್ಲಿ ಒಂದಾಗಿ ಗಣಿತವಾಗಿರುವುದು ಸರ್ವವಿದಿತವಾದ ವಿಷಯ. ಧರ್ಮಕ್ಕೆ ಧರ್ಮಶಾಸ್ತ್ರವೂ ಅರ್ಥಕ್ಕೆ ಅರ್ಥಶಾಸ್ತ್ರವೂ ಇರುವಂತೆ ಕಾಮಕ್ಕೂ ಪ್ರತ್ಯೇಕವಾದ ಶಾಸ್ತ್ರವೊಂದು ಬೆಳೆದುಬಂದಿತು. ಹೀಗಿದ್ದರೂ ಎಳೆಯರಿಗೆ ದೇಹಧರ್ಮವನ್ನೂ ಸ್ತ್ರೀಪುರುಷಸಂಬಂಧವನ್ನೂ ಕ್ರಮವಾಗಿ ಬೋಧಿಸಬೇಕೆಂಬ ಮಾತು ಬಂದಾಗಲೆಲ್ಲ, ಅದು ಪರದೇಶದ ಸರಕು, ಈ ದೇಶದ ಸಂಪ್ರದಾಯಕ್ಕೆ ಒಗ್ಗದ್ದು ಎಂಬ ಆಕ್ಷೇಪವು ತಲೆಯೆತ್ತುವುದು. ಹದಿಹರೆಯದವರ ಶಿಕ್ಷಣಕ್ಕಾಗಿ ಕೇಂದ್ರಸರ್ಕಾರವು ರೂಪಿಸಿದ ಕಾರ್ಯಕ್ರಮವನ್ನು ೨೦೦೭ರಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ತಡೆಹಿಡಿದಾಗ ಕೇಳಿಬಂದುದು ಈ ಆಕ್ಷೇಪವೇ. ೨೦೦೯ರಲ್ಲಿ ರಾಜ್ಯಸಭೆಯ ಅರ್ಜಿಗಳ ಸಮಿತಿಯು ಶಾಲೆಗಳಲ್ಲಿ ಲೈಂಗಿಕ ಶಿಕ್ಷಣವು ಕೂಡದೆಂದು ಶಿಫಾರಸು ಮಾಡಿದಾಗಲೂ ದೇಶದ ಸಂಸ್ಕೃತಿಯ ಹೆಸರೇ ಮುಂದೆ ಬಂದಿತು. ೨೦೨೪ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಮಕ್ಕಳ ಮೇಲಣ ಅತ್ಯಾಚಾರದ ಚಿತ್ರಗಳನ್ನು ಇಟ್ಟುಕೊಳ್ಳುವ ಅಪರಾಧವನ್ನು ಕುರಿತ ತೀರ್ಪಿನಲ್ಲಿ, ಈ ಶಿಕ್ಷಣವು ಪಾಶ್ಚಾತ್ಯರ ಕಲ್ಪನೆಯೆಂಬ ಭಾವನೆಯನ್ನು ತಪ್ಪು ತಿಳಿವಳಿಕೆಗಳ ಸಾಲಿನಲ್ಲಿ ಸೇರಿಸಿತು.

ಸಂಪ್ರದಾಯದ ಹೆಸರನ್ನು ಹೇಳುವವರು ಸಂಪ್ರದಾಯದ ಗ್ರಂಥವನ್ನು ತೆರೆದು ನೋಡಬೇಕಾದದ್ದು ನ್ಯಾಯ. ೧೮೯೧ರಲ್ಲಿ ಸಮ್ಮತಿವಯಸ್ಸಿನ ಕಾಯಿದೆಯ ಬಗೆಗೆ ವಾದವೆದ್ದಾಗ ರಾಮಕೃಷ್ಣ ಗೋಪಾಲ ಭಾಂಡಾರಕರರು ವಿವಾಹದ ವಯಸ್ಸನ್ನು ಕುರಿತ ಧರ್ಮಶಾಸ್ತ್ರವಚನಗಳನ್ನು ಒಂದೆಡೆ ತಂದು ವಿಮರ್ಶಿಸಿದರು. ಅಂಥದೇ ಕ್ರಮದಲ್ಲಿ ಕಾಮಶಾಸ್ತ್ರವು ಶಿಕ್ಷಣದ ವಿಷಯವಾಗಿ ಏನು ಹೇಳುವುದು, ಎಲ್ಲಿಯವರೆಗೆ ಅದು ಇಂದಿಗೆ ಪ್ರಮಾಣವಾಗಬಲ್ಲುದು, ಎಲ್ಲಿ ಆಗಲಾರದು ಎಂಬುದು ಇಲ್ಲಿಯ ವಿಚಾರ.

೧

ವಾತ್ಸ್ಯಾಯನನು ಕ್ರಿಸ್ತಶಕ ೩ನೆಯ ಶತಮಾನದ ಸುಮಾರಿನವನೆಂದು ವಿದ್ವಾಂಸರು ಎಣಿಸುವರು. ಅವನ ಕಾಮಸೂತ್ರವು ೭ ಅಧಿಕರಣಗಳೂ ೩೬ ಅಧ್ಯಾಯಗಳೂ ೬೪ ಪ್ರಕರಣಗಳೂ ಉಳ್ಳ ಗ್ರಂಥ. ನಂದಿ, ಔದ್ದಾಲಕಿ ಶ್ವೇತಕೇತು, ಪಾಂಚಾಲ ಬಾಭ್ರವ್ಯ ಮೊದಲಾದ ಪೂರ್ವಾಚಾರ್ಯರ ವಿಸ್ತಾರವಾದ ಶಾಸ್ತ್ರವನ್ನು ತಾನು ಸಂಕ್ಷೇಪಿಸಿರುವುದಾಗಿ ಅವನೇ ಹೇಳಿಕೊಂಡಿದ್ದಾನೆ. ಏಳು ಅಧಿಕರಣಗಳಲ್ಲಿ ದೇಹಸಂಯೋಗವನ್ನೇ ಪ್ರಧಾನವಿಷಯವಾಗಿ ಉಳ್ಳದ್ದು ಸಾಂಪ್ರಯೋಗಿಕವೆಂಬ ಎರಡನೆಯದೊಂದೇ. ಉಳಿದ ಆರರಲ್ಲಿ ತ್ರಿವರ್ಗದ ಪರಸ್ಪರ ಸಂಬಂಧ, ನಾಗರಕನ ಜೀವನ, ವಧುವಿನ ಆಯ್ಕೆ, ಅವಳ ವಿಶ್ವಾಸವನ್ನು ಪಡೆಯುವ ಬಗೆ, ಗೃಹಿಣಿಯ ನಡವಳಿಕೆ, ಸವತಿಯರ ಕಷ್ಟ, ವೇಶ್ಯಾಜೀವನದ ಲಾಭನಷ್ಟ ಇವೇ ಮುಂತಾದ ವಿಷಯಗಳಿವೆ. ಲೋಕವು ಮಾತ್ರ ಆ ಎರಡನೆಯ ಅಧಿಕರಣವನ್ನೇ ಇಡಿಯ ಗ್ರಂಥವೆಂದು ಭಾವಿಸಿಬಿಟ್ಟಿದೆ. ಇಂದಿನ ಲೈಂಗಿಕ ಶಿಕ್ಷಣದ ವಿಷಯದಲ್ಲಿಯೂ ಇಂಥದೇ ಭ್ರಾಂತಿಯುಂಟು. ಯುನೆಸ್ಕೊ ಸಂಸ್ಥೆಯು ೨೦೦೯ರಲ್ಲಿ ಪ್ರಕಟಿಸಿ ೨೦೧೮ರಲ್ಲಿ ಪರಿಷ್ಕರಿಸಿದ ಮಾರ್ಗದರ್ಶಿಯು ಈ ಶಿಕ್ಷಣವನ್ನು ೮ ಮುಖ್ಯ ವಿಷಯಗಳಾಗಿ ವಿಂಗಡಿಸಿದೆ. ಕುಟುಂಬ ಮತ್ತು ಸ್ನೇಹಸಂಬಂಧ, ಮೌಲ್ಯಗಳು ಮತ್ತು ಹಕ್ಕುಗಳು, ಹೆಣ್ಣುಗಂಡೆಂಬ ಭೇದದ ಸ್ವರೂಪ, ಹಿಂಸೆಯಿಂದ ರಕ್ಷಣೆ, ಆರೋಗ್ಯಕ್ಕೆ ಬೇಕಾದ ವಿವೇಕ, ದೇಹದ ಬೆಳವಣಿಗೆ ಇವೆಲ್ಲ ಅದರೊಳಗೆ ಅಡಕವಾಗಿವೆ. ಸಮಗ್ರವೆಂಬ ವಿಶೇಷಣವು ಸಾರ್ಥಕವಾಗುವುದು ಈ ವಿಸ್ತಾರದಿಂದಲೇ.

ಸಾಧಾರಣವೆಂಬ ಮೊದಲ ಅಧಿಕರಣದ ಮೂರನೆಯ ಅಧ್ಯಾಯಕ್ಕೆ ವಿದ್ಯಾಸಮುದ್ದೇಶವೆಂದು ಹೆಸರು. ಧರ್ಮಾರ್ಥಗಳ ವಿದ್ಯೆಗೆ ಮೀಸಲಾದ ಕಾಲಕ್ಕೆ ಭಂಗ ಬಾರದಂತೆ ಪುರುಷನು ಕಾಮಶಾಸ್ತ್ರವನ್ನೂ ಅದರ ಅಂಗವಿದ್ಯೆಗಳನ್ನೂ ಅಭ್ಯಾಸ ಮಾಡತಕ್ಕದ್ದೆಂದು ಅಲ್ಲಿ ವಿಧಾನವಾಗಿದೆ. ಸ್ತ್ರೀಯು ಯೌವನಕ್ಕೆ ಮುಂಚೆಯೇ, ಎಂದರೆ ತಂದೆಯ ಮನೆಯಲ್ಲಿರುವಾಗಲೇ, ಇದನ್ನು ಕಲಿಯಬೇಕೆಂದು ಮುಂದಿನ ವಿಧಿ. ಈ ಎರಡನೆಯ ವಿಧಿಗೆ ಆಚಾರ್ಯರ ಪೂರ್ವಪಕ್ಷವೊಂದುಂಟು: ಸ್ತ್ರೀಯರಿಗೆ ಶಾಸ್ತ್ರಗ್ರಹಣಕ್ಕೆ ಬೇಕಾದ ಬುದ್ಧಿಪರಿಶ್ರಮವಿಲ್ಲ, ಆದಕಾರಣ ಅವರಿಗೆ ಶಾಸ್ತ್ರವನ್ನು ಉಪದೇಶಿಸುವುದು ವ್ಯರ್ಥವೆಂಬುದೇ ಅದು. ವಾತ್ಸ್ಯಾಯನನು ಇದನ್ನು ಖಂಡಿಸುವ ಬಗೆಯು ಮನನೀಯವಾಗಿದೆ. ಸ್ತ್ರೀಯರಿಗೆ ಪ್ರಯೋಗವು ಹೇಗೂ ಉಂಟಷ್ಟೆ. ಪ್ರಯೋಗಕ್ಕೆ ಮೂಲವಾದದ್ದು ಶಾಸ್ತ್ರ. ವ್ಯಾಕರಣವನ್ನು ಓದದ ಯಾಜ್ಞಿಕರು ಮಂತ್ರಗಳಲ್ಲಿ ಪದಗಳನ್ನು ಸಂದರ್ಭಕ್ಕೆ ತಕ್ಕಂತೆ ಮಾರ್ಪಡಿಸಿಕೊಳ್ಳುವರು. ಜ್ಯೋತಿಷವನ್ನರಿಯದವರು ಪುಣ್ಯದಿನಗಳಲ್ಲಿ ಕರ್ಮಗಳನ್ನು ಮಾಡುವರು. ಶಾಸ್ತ್ರವನ್ನೋದದ ಸವಾರರೂ ಮಾವುತರೂ ಕುದುರೆ ಆನೆಗಳನ್ನು ಪಳಗಿಸುವರು. ಎಲ್ಲಿಯೋ ಇರುವ ಶಾಸ್ತ್ರವು ದೂರದ ಪ್ರಯೋಗಕ್ಕೂ ಆಧಾರವಾಗಿ ನಿಲ್ಲುವುದೆಂಬುದು ಈ ನಿದರ್ಶನಗಳ ತಾತ್ಪರ್ಯ. ಅಷ್ಟಕ್ಕೆ ನಿಲ್ಲದೆ, ಶಾಸ್ತ್ರದಿಂದ ಹದಗೊಂಡ ಬುದ್ಧಿಯುಳ್ಳ ಗಣಿಕೆಯರೂ ರಾಜಪುತ್ರಿಯರೂ ಮಹಾಮಾತ್ರರ ಹೆಣ್ಣುಮಕ್ಕಳೂ ಇರುವರೆಂದು ಪ್ರತ್ಯಕ್ಷಪ್ರಮಾಣವನ್ನೂ ಕೊಡುವನು.

ಕಲಿಸತಕ್ಕವರು ಯಾರೆಂಬುದನ್ನೂ ಅವನು ಹೇಳದೆ ಬಿಟ್ಟಿಲ್ಲ. ಜೊತೆಯಲ್ಲಿಯೇ ಬೆಳೆದು ಮದುವೆಯಾದ ದಾದಿಯ ಮಗಳು, ಮರೆಮಾಚದೆ ಮಾತಾಡಬಹುದಾದ ಗೆಳತಿ, ಸಮವಯಸ್ಸಿನ ಚಿಕ್ಕಮ್ಮ, ಅವಳ ಸ್ಥಾನದಲ್ಲಿಡಬಹುದಾದ ನಂಬಿಕೆಯ ಮುದಿ ದಾಸಿ, ಪೂರ್ವಪರಿಚಯವುಳ್ಳ ಭಿಕ್ಷುಕಿ, ಒಡಹುಟ್ಟಿದ ಅಕ್ಕ—ಹೀಗೆ ಆರು ಮಂದಿಯ ಹೆಸರು ಬರುವುದು. ವೈಶ್ವಾಸಿಕರಾದ, ಎಂದರೆ ನಂಬಿಕೆಗೆ ಅರ್ಹರಾದ ಜನರಿಂದ ಏಕಾಂತದಲ್ಲಿ ಕಲಿಯತಕ್ಕದ್ದೆಂಬುದು ಸೂತ್ರಕಾರನ ಮತ. ಈ ವೈಶ್ವಾಸಿಕಶಬ್ದವನ್ನು ಮುಂದೆ ಮತ್ತೆ ವಿಚಾರಿಸಬೇಕಾಗಿರುವುದು.

ಇದಿಷ್ಟರಿಂದ ಒಂದಂಶವು ಸಿದ್ಧವಾಯಿತು. ಕಾಮವಿಷಯಕವಾದ ಜ್ಞಾನವನ್ನು ಎಳೆಯರಿಗೆ ಮುಂಚಿತವಾಗಿಯೇ ಕೊಡಬೇಕು, ಹೆಣ್ಣುಮಕ್ಕಳಿಗೂ ಕೊಡಬೇಕು ಎಂಬುದು ಈ ಶಾಸ್ತ್ರದ ಸಿದ್ಧಾಂತವೇ ಆಗಿದೆ. ಇದು ಪರದೇಶದ ಸರಕೆಂಬ ವಾದಕ್ಕೆ ಗ್ರಂಥಾಧಾರವಿಲ್ಲ.

೨

ತಿಳಿದರೆ ಮಾಡುವರು, ಆದ್ದರಿಂದ ತಿಳಿಸಕೂಡದು ಎಂಬುದು ಎರಡನೆಯ ಆಕ್ಷೇಪ. ಇದಕ್ಕೂ ಉತ್ತರವು ಗ್ರಂಥದಲ್ಲಿಯೇ ಇದೆ. ಶಾಸ್ತ್ರದಲ್ಲಿ ಹೇಳಿದೆಯೆಂಬ ಮಾತ್ರದಿಂದ ಒಂದು ಕಾರ್ಯವು ಆಚರಣೀಯವಾಗದೆಂದು ವಾತ್ಸ್ಯಾಯನನು ಸ್ಪಷ್ಟವಾಗಿ ಹೇಳುವನು. ಶಾಸ್ತ್ರದ ವಿಷಯವು ವ್ಯಾಪಕ, ಪ್ರಯೋಗವು ಸೀಮಿತ. ವೈದ್ಯಗ್ರಂಥದಲ್ಲಿ ನಾಯಿಯ ಮಾಂಸಕ್ಕೂ ರಸವೀರ್ಯವಿಪಾಕಗಳನ್ನು ಹೇಳಿದೆಯೆಂದು ವಿವೇಕಿಗಳು ಅದನ್ನು ಉಣ್ಣುವರೆ ಎಂಬುದು ಅವನು ಕೊಡುವ ನಿದರ್ಶನ. ಈ ದೃಷ್ಟಾಂತದ ಯುಕ್ತಿಯನ್ನು ಇಂದಿನ ಪರಿಶೀಲನೆಗಳೂ ಎತ್ತಿಹಿಡಿದಿವೆ. ನಾನಾ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಯುನೆಸ್ಕೊ ಮಾರ್ಗದರ್ಶಿಯು, ಈ ಶಿಕ್ಷಣದಿಂದ ಎಳೆಯರಲ್ಲಿ ಲೈಂಗಿಕ ಪ್ರವೃತ್ತಿಯಾಗಲಿ ಅಪಾಯಕರವಾದ ನಡವಳಿಕೆಯಾಗಲಿ ಹೆಚ್ಚುವುದಿಲ್ಲವೆಂದು ನಿರ್ಣಯಿಸಿದೆ.

ಅಜ್ಞಾನದ ಫಲವೇನೆಂಬುದನ್ನೂ ಸೂತ್ರಕಾರನು ಹೆಸರುಹಿಡಿದು ದಾಖಲೆ ಮಾಡಿದ್ದಾನೆ. ಕುಂತಲದೇಶದ ಅರಸನಾದ ಶಾತಕರ್ಣಿ ಶಾತವಾಹನನು ಕರ್ತರಿಯೆಂಬ ಪ್ರಹಾರದಿಂದ ಮಹಾದೇವಿಯಾದ ಮಲಯವತಿಯನ್ನು ಕೊಂದನು. ಚೋಳರಾಜನ ಕೈಯಲ್ಲಿ ಚಿತ್ರಸೇನೆಯೆಂಬ ಗಣಿಕೆಯು ಸತ್ತಳು. ಪಾಂಡ್ಯರಾಜನ ಸೇನಾಪತಿಯು ನರ್ತಕಿಯೊಬ್ಬಳ ಕಣ್ಣನ್ನು ಹಾಳುಮಾಡಿದನು. ದೇಶಾಚಾರವೆಂದು ಹೇಳಿಕೊಳ್ಳುವ ಈ ಪ್ರಹಾರಗಳು ಕಷ್ಟಕರವೂ ಅನಾರ್ಯವೂ ಆದುವು, ಆದರಣೀಯವಲ್ಲ ಎಂದು ಅವನ ತೀರ್ಮಾನ. ಕುಂತಲವು ಕನ್ನಡನಾಡಿನ ಭಾಗವೇ ಆದುದರಿಂದ ಮಲಯವತಿಯ ಹೆಸರನ್ನು ಇಲ್ಲಿಯ ವಾಚಕರು ಮರೆಯಲಾಗದು. ಅರಸನೆಂಬ ಗೌರವಕ್ಕೆ ಅಂಜಿ ಶಾಸ್ತ್ರಕಾರನು ಆ ಮರಣವನ್ನು ಮುಚ್ಚಿಡಲಿಲ್ಲ. ಪಡಸಾಲೆಯಲ್ಲಿ ಆಡಬಾರದೆಂದು ಮನೆತನಗಳು ಮುಚ್ಚಿಡುವಂಥ ಸಂಗತಿಯನ್ನು ಉಪದೇಶಕ್ಕೆ ಬೇಕಾದುದೆಂದೇ ಅವನು ಬರೆದಿಟ್ಟನು.

ಗಂಡುಮಕ್ಕಳ ಶಿಕ್ಷಣಕ್ಕೆ ಇನ್ನೂ ಹತ್ತಿರವಾದ ಪ್ರಕರಣವು ಮೂರನೆಯ ಅಧಿಕರಣದ ಕನ್ಯಾವಿಸ್ರಂಭಣ. ಮದುವೆಯ ಮೊದಲ ಮೂರು ರಾತ್ರಿ ದಂಪತಿಗಳು ನೆಲದ ಮೇಲೆ ಮಲಗಿ, ಕ್ಷಾರಲವಣಗಳನ್ನು ಬಿಟ್ಟ ಆಹಾರವನ್ನುಂಡು, ಬ್ರಹ್ಮಚರ್ಯದಲ್ಲಿರತಕ್ಕದ್ದು. ಬಳಿಕ ಏಳು ದಿನ ಮಂಗಳಸ್ನಾನ, ಸಹಭೋಜನ, ಬಂಧುಗಳ ಸತ್ಕಾರ. ಆಮೇಲೆಯೇ ಮೃದುವಾದ ಮಾತಿನಿಂದ ವಧುವಿನ ನಂಬಿಕೆಯನ್ನು ಗಳಿಸಲು ತೊಡಗುವುದು. ಹೆಂಗಸಿನ ಮನಸ್ಸು ಹೂವಿನಂಥದೆಂದೂ, ನಂಬಿಕೆಯನ್ನು ಗಳಿಸದೆ ಬಲಾತ್ಕರಿಸಿದರೆ ಅವಳಿಗೆ ಭಯವೂ ನಡುಕವೂ ಕಡೆಗೆ ದ್ವೇಷವೂ ಹುಟ್ಟುವುದೆಂದೂ ಕಾರಣವನ್ನು ಹೇಳಿದೆ. ಇಲ್ಲಿ ತಪ್ಪಿತಸ್ಥನು ಹೆಣ್ಣಿನ ಮನಸ್ಸನ್ನರಿಯದ ಗಂಡು. ಶಿಕ್ಷಣವೆಂದರೆ ಹೆಣ್ಣುಮಕ್ಕಳಿಗೆ ಎಚ್ಚರಿಕೆ ಹೇಳುವುದಷ್ಟೇ ಎಂದು ತಿಳಿದಿರುವ ಶಾಲೆಗಳೂ ಮನೆಗಳೂ ಈ ಪ್ರಕರಣವನ್ನು ಗಮನಿಸಬೇಕು. ಕಲಿಯಬೇಕಾದವರಲ್ಲಿ ಮೊದಲಿಗರು ಗಂಡುಮಕ್ಕಳೆಂದು ಅದರ ಇಂಗಿತ.

ವೈದ್ಯಶಾಸ್ತ್ರದ ಮತವೂ ಇದಕ್ಕೆ ಪೋಷಕವಾಗಿದೆ. ಹದಿನಾರು ತುಂಬದ ಹೆಣ್ಣಿನಲ್ಲಿ ಇಪ್ಪತ್ತೈದು ತುಂಬದ ಗಂಡಿನಿಂದ ನಿಂತ ಗರ್ಭವು ಬಸಿರಿನಲ್ಲಿಯೇ ಕೆಡುವುದು, ಹುಟ್ಟಿದರೂ ಬಹುಕಾಲ ಬಾಳದು, ಬಾಳಿದರೂ ದುರ್ಬಲವಾಗಿರುವುದು ಎಂದು ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಹೇಳಿದೆ. ಇಷ್ಟು ಸ್ಪಷ್ಟವಾದ ವಚನವಿದ್ದ ದೇಶದಲ್ಲಿ ೧೮೯೧ರ ಕಾಯಿದೆಯು ಸಮ್ಮತಿವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸುವುದಕ್ಕೂ ದೊಡ್ಡ ಪ್ರತಿಭಟನೆ ನಡೆಯಿತು. ಮೈಸೂರು ಸಂಸ್ಥಾನವು ೧೮೯೪ರಲ್ಲಿ ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ವಿವಾಹವನ್ನು ನಿಷೇಧಿಸಿತು. ೧೯೨೯ರ ಶಾರದಾ ಕಾಯಿದೆಯು ಹೆಣ್ಣಿಗೆ ೧೪, ಗಂಡಿಗೆ ೧೮ ಎಂದು ಮಿತಿಯನ್ನು ಹಾಕಿತು. ಇಷ್ಟಾದರೂ ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ೨೦ರಿಂದ ೨೪ ವರ್ಷದ ಸ್ತ್ರೀಯರಲ್ಲಿ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿದ್ದವರು ದೇಶದಲ್ಲಿ ನೂರಕ್ಕೆ ೨೩.೩, ಕರ್ನಾಟಕದಲ್ಲಿ ನೂರಕ್ಕೆ ೨೧.೩ ಎಂದು ಕಂಡುಬಂದಿದೆ. ಐದು ಮಂದಿಯಲ್ಲಿ ಒಬ್ಬಳಿಗಿಂತಲೂ ಹೆಚ್ಚು. ಕಾಯಿದೆಯು ವಯಸ್ಸನ್ನು ಹೇಳಬಲ್ಲುದು. ಆ ವಯಸ್ಸೇಕೆಂಬುದನ್ನು ಮನಸ್ಸಿಗೆ ಹತ್ತಿಸತಕ್ಕದ್ದು ಶಿಕ್ಷಣ.

೩

ಇಂಥ ಶಾಸ್ತ್ರಪ್ರಸ್ಥಾನವು ಮುಂದೆ ಯಾವ ದಾರಿಯನ್ನು ಹಿಡಿಯಿತೆಂಬುದು ವಿಮರ್ಶಕರು ಖೇದದಿಂದ ನೋಡಬೇಕಾದ ವಿಷಯ. ಕೊಕ್ಕೋಕನ ರತಿರಹಸ್ಯವು ೧೫ ಪರಿಚ್ಛೇದಗಳ ಗ್ರಂಥ. ಪದ್ಮಿನಿ, ಚಿತ್ರಿಣಿ, ಶಂಖಿನಿ, ಹಸ್ತಿನಿ ಎಂಬ ಜಾತಿವಿಭಾಗದಿಂದ ಅದು ಆರಂಭವಾಗುವುದು. ವಾತ್ಸ್ಯಾಯನನಲ್ಲಿ ಈ ನಾಲ್ಕರ ವಿಭಾಗವಿಲ್ಲ. ಕನ್ಯಾವಿಸ್ರಂಭಣಕ್ಕೆ ಕೊಕ್ಕೋಕನು ಸ್ಥಳವನ್ನು ಉಳಿಸಿಕೊಂಡನು. ವಿದ್ಯಾಸಮುದ್ದೇಶಕ್ಕೆ ಮಾತ್ರ ಅವನ ಪರಿಚ್ಛೇದಗಳಲ್ಲಿ ಸ್ಥಾನವಿಲ್ಲ. ಲೋದಿಗಳ ಕಾಲದ ಕಲ್ಯಾಣಮಲ್ಲನ ಅನಂಗರಂಗದಲ್ಲಿಯೂ ಲಕ್ಷಣಗಳ ಪಟ್ಟಿ, ಔಷಧಯೋಗ, ವಶೀಕರಣಗಳಿಗೆ ಪ್ರಾಧಾನ್ಯವುಂಟು. ಯಾರು, ಯಾವಾಗ, ಯಾರಿಂದ ಕಲಿಯಬೇಕೆಂಬ ಪ್ರಶ್ನೆಯು ಹಿಂದೆ ಸರಿದು, ಪುರುಷನು ಸ್ತ್ರೀಯನ್ನು ಪರೀಕ್ಷಿಸಿ ವರ್ಗೀಕರಿಸುವ ಕೌತುಕವು ಮುಂದೆ ಬಂದಿತು. ಶಿಕ್ಷಣಗ್ರಂಥವು ವಿನೋದಗ್ರಂಥವಾಯಿತು.

ಕನ್ನಡದಲ್ಲಿಯೂ ಈ ಶಾಸ್ತ್ರಕ್ಕೆ ದೀರ್ಘವಾದ ಚರಿತ್ರೆಯುಂಟು. ಚಾಳುಕ್ಯ ಜಯಸಿಂಹನ ಆಳ್ವಿಕೆಯಲ್ಲಿ, ೧೧ನೆಯ ಶತಮಾನದ ಪೂರ್ವಾರ್ಧದಲ್ಲಿ, ಚಂದ್ರರಾಜನು ರಚಿಸಿದ ಮದನತಿಲಕವು ದೊರೆತಿರುವ ಕನ್ನಡ ಕಾಮಶಾಸ್ತ್ರಗ್ರಂಥಗಳಲ್ಲಿ ಮೊದಲನೆಯದು. ಕವಿಯು ತನ್ನ ಕಾಲದ ಪೊಸಗನ್ನಡವನ್ನು ಬಳಸಿದನೆಂಬುದೂ, ಆಶ್ರಯದಾತನೂ ಅವನ ಪತ್ನಿಯೂ ನಡಸುವ ಸಂವಾದದ ರೂಪದಲ್ಲಿ ಗ್ರಂಥವನ್ನು ಕಟ್ಟಿದನೆಂಬುದೂ ಗಮನಾರ್ಹ. ಹೆಂಡತಿಯು ಇಲ್ಲಿ ಸಂವಾದಕ್ಕೆ ಸೇರಿದವಳು. ಭಾಷೆಯು ತಿಳಿಯಬೇಕೆಂಬ ಉದ್ದೇಶದಿಂದ ಆರಿಸಿಕೊಂಡದ್ದು. ಜನ್ನನ ಹೆಸರಿನಲ್ಲಿರುವ ಅನುಭವಮುಕುರವೂ ೧೫ನೆಯ ಶತಮಾನದ ಕಲ್ಲರಸನ ಜನವಶ್ಯವೂ ಅನಂತರದವು. ೧೨೦೯ರಲ್ಲಿ ಯಶೋಧರಚರಿತೆಯನ್ನು ಬರೆದ ಕವಿಯ ಹೆಸರು ಕಾಮಶಾಸ್ತ್ರಗ್ರಂಥವೊಂದರ ಮೇಲೂ ಇದೆಯೆಂಬುದನ್ನು ಸಾಹಿತ್ಯಚರಿತ್ರೆಗಳು ಒಂದು ವಾಕ್ಯದಲ್ಲಿ ಹೇಳಿ ಮುಗಿಸುವುದುಂಟು. ಅಮೃತಮತಿಯ ಕಥೆಯನ್ನು ತರಗತಿಯಲ್ಲಿ ಪಾಠಹೇಳುವ ಅಧ್ಯಾಪಕನಿಗೆ ಕಾಮದ ಪ್ರಸ್ತಾಪವು ಹೊಸದೇನೂ ಅಲ್ಲ. ಅದನ್ನು ನೀತಿಬೋಧೆಯ ಎರಡು ಮಾತಿನಲ್ಲಿ ದಾಟಿಬಿಡುವ ರೂಢಿಯೇ ಮರುಪರಿಶೀಲನೆಗೆ ಯೋಗ್ಯವಾದದ್ದು.

೪

ಇನ್ನು ಭಾಷೆಯ ವಿಷಯ. ತರಗತಿಯಲ್ಲಿ ಬಾಯಿಬಿಟ್ಟು ಹೇಳಲಾಗದ ಶಬ್ದಗಳಿವೆ, ಅಶ್ಲೀಲವಾಗುವುದು ಎಂದು ಸಂಕೋಚಪಡುವವರು ಅಲಂಕಾರಶಾಸ್ತ್ರದ ದೋಷಪ್ರಕರಣವನ್ನು ನೋಡುವುದು ಒಳ್ಳೆಯದು. ವ್ರೀಡೆ, ಜುಗುಪ್ಸೆ, ಅಮಂಗಳಗಳನ್ನು ಸೂಚಿಸುವ ಪದವು ಅಶ್ಲೀಲವೆಂದು ಆಲಂಕಾರಿಕರ ಲಕ್ಷಣ. ಆದರೆ ಈ ದೋಷವು ನಿತ್ಯವಲ್ಲ. ಸಂದರ್ಭವಿಶೇಷದಲ್ಲಿ ಅದು ಗುಣವೂ ಆಗುವುದೆಂದು ಮಮ್ಮಟನು ಕಾವ್ಯಪ್ರಕಾಶದ ಏಳನೆಯ ಉಲ್ಲಾಸದಲ್ಲಿ ಒಪ್ಪಿದ್ದಾನೆ. ಭಗಿನಿ, ಭಗವತಿ ಎಂಬ ಶಬ್ದಗಳು ಅವಯವಾರ್ಥವನ್ನು ಹುಡುಕುವವನಿಗೆ ಬೇರೆ ತೋರಿದರೂ ಎಲ್ಲೆಡೆಯೂ ಸಮ್ಮತವಾಗಿವೆಯೆಂದು ದಂಡಿಯು ಹೇಳಿದ್ದಾನೆ. ಪದದ ಯೋಗ್ಯತೆಯು ಪ್ರಯೋಗದ ಔಚಿತ್ಯವನ್ನು ಅವಲಂಬಿಸಿರುವುದೆಂದು ಇದರಿಂದ ಸಿದ್ಧವಾಗುವುದು. ಕಾವ್ಯದಲ್ಲಿಯೇ ಹೀಗಿರಲು, ಅರ್ಥನಿಷ್ಕರ್ಷೆಯನ್ನೇ ಪ್ರಯೋಜನವಾಗಿ ಉಳ್ಳ ಶಾಸ್ತ್ರಬೋಧೆಯಲ್ಲಿ ಶಂಕೆಗೆ ಅವಕಾಶವೆಲ್ಲಿ?

ಕನ್ನಡಕ್ಕೆ ಶಬ್ದದಾರಿದ್ರ್ಯವೂ ಇಲ್ಲ. ಋತು, ರಜಸ್ಸು, ಗರ್ಭಾಶಯ ಎಂಬ ವೈದ್ಯಶಬ್ದಗಳು ಒಂದು ಕಡೆ. ಮುಟ್ಟು, ಮೈನೆರೆಯುವುದು, ಬಸಿರು, ಹೆರಿಗೆ ಎಂಬ ಮನೆಮಾತುಗಳು ಇನ್ನೊಂದು ಕಡೆ. ಇವೆರಡನ್ನೂ ಜೊತೆಜೊತೆಯಾಗಿ ಬಳಸಿದರೆ ಪಾಠವು ತಿಳಿಯಾಗುವುದು. ಹೊರಗಾಗುವುದೆಂಬ ಮಾತನ್ನು ಮಾತ್ರ ಕಲಿತ ಹುಡುಗಿಗೆ ತನ್ನ ದೇಹಧರ್ಮವು ಮೈಲಿಗೆಯೆಂಬ ಅರ್ಥವಷ್ಟೇ ದೊರೆಯುವುದು; ಋತುವೆಂಬ ಮಾತನ್ನೂ ಕಲಿತವಳಿಗೆ ಅದು ಕಾಲನಿಯಮವುಳ್ಳ ಆರೋಗ್ಯಲಕ್ಷಣವೆಂದು ತಿಳಿಯುವುದು. ಮಗುವು ತನ್ನ ಅಂಗಗಳ ಹೆಸರನ್ನರಿಯದಿದ್ದರೆ, ತನಗಾದ ಅಪಚಾರವನ್ನು ತಾಯಿಗೆ ಹೇಳಲು ಅದಕ್ಕೆ ಮಾತೇ ಇಲ್ಲದಂತಾಗುವುದು. ಲಜ್ಜೆಯಿಂದ ಶಬ್ದವನ್ನು ಕೊಡದ ಮನೆಯು ಅರಿಯದೆಯೇ ಅಪರಾಧಿಗೆ ರಕ್ಷೆಯಾಗುವುದು.

೫

ಇಲ್ಲಿಗೆ ಕಾಮಸೂತ್ರದ ಗುಣಪಕ್ಷವು ಮುಗಿಯಿತು. ಅದರ ದೋಷಗಳನ್ನು ಮುಚ್ಚಿ, ಎಲ್ಲವೂ ಪೂರ್ವಿಕರಲ್ಲಿ ಇದ್ದೇ ಇತ್ತೆಂದು ಹೊಗಳುವುದು ವಿಮರ್ಶೆಯಾಗಲಾರದು. ಮದುವೆಯಾದ ಹೆಣ್ಣು ಗಂಡನ ಅಭಿಪ್ರಾಯವನ್ನನುಸರಿಸಿ ಶಾಸ್ತ್ರವನ್ನು ಕಲಿಯಬೇಕೆಂದು ವಿಧಿಸಿರುವುದರಿಂದ ಅವಳ ಜ್ಞಾನಾಧಿಕಾರವು ಪರಾಧೀನವಾಯಿತು. ಪ್ರತ್ಯಕ್ಷಪ್ರಮಾಣಕ್ಕೆ ಬಂದ ಸ್ತ್ರೀಯರು ಅರಮನೆಯ, ಮಂತ್ರಿಗಳ ಮನೆಯ, ಗಣಿಕಾಗೃಹದ ಸ್ತ್ರೀಯರು. ಹೊಲಗೆಲಸದ ಹೆಣ್ಣುಮಕ್ಕಳಿಗೆ ಈ ವಿದ್ಯಾಸಮುದ್ದೇಶವು ಮುಟ್ಟಲಿಲ್ಲ.

ಇವುಗಳಿಗಿಂತ ಗುರುತರವಾದ ದೋಷವು ವೈಶ್ವಾಸಿಕಶಬ್ದದಲ್ಲಿಯೇ ಅಡಗಿದೆ. ಮೊದಲ ಅಧಿಕರಣದಲ್ಲಿ ಕನ್ಯೆಗೆ ಉಪಾಧ್ಯಾಯಳಾಗಿ ಮೊತ್ತಮೊದಲು ಹೆಸರುಗೊಂಡವಳು ದಾದಿಯ ಮಗಳಷ್ಟೆ. ಮೂರನೆಯ ಅಧಿಕರಣದ ಐದನೆಯ ಅಧ್ಯಾಯದಲ್ಲಿ ವಿವಾಹೋಪಾಯಗಳನ್ನು ಎಣಿಸುವಾಗ, ಹಬ್ಬದ ನೆಪದಲ್ಲಿ ಕನ್ಯೆಗೆ ಮಾದಕವನ್ನು ಕುಡಿಸಿ, ಎಚ್ಚರ ತಪ್ಪಿದವಳನ್ನು ನಾಯಕನ ವಶಕ್ಕೆ ಒಪ್ಪಿಸುವವಳೂ ದಾದಿಯ ಮಗಳೇ! ಇಂಥ ಉಪಾಯಗಳಲ್ಲಿ ಮೊದಮೊದಲಿನದು ಉತ್ತಮವೆಂದು ಸೂತ್ರಕಾರನು ತಾರತಮ್ಯವನ್ನು ಹೇಳಿದರೂ, ಇದನ್ನು ಅಪರಾಧವೆಂದು ಹೊರಗಿಡಲಿಲ್ಲ. ಕನ್ಯಾವಿಸ್ರಂಭಣದಲ್ಲಿ ಬಲಾತ್ಕಾರವನ್ನು ಅಷ್ಟು ಸೂಕ್ಷ್ಮವಾಗಿ ಖಂಡಿಸಿದವನು ಇಲ್ಲಿ ಎಚ್ಚರವಿಲ್ಲದವಳ ಸಮ್ಮತಿಯ ಪ್ರಶ್ನೆಯನ್ನೇ ಎತ್ತದಿರುವುದು ಪೂರ್ವಾಪರವಿರೋಧವೆಂದೇ ಹೇಳಬೇಕು. ನಂಬಿಕೆಯ ವ್ಯಕ್ತಿಯು ಗುರುವೂ ಆಗಬಲ್ಲಳು, ದ್ರೋಹಿಯೂ ಆಗಬಲ್ಲಳು ಎಂಬುದು ಒಂದೇ ಗ್ರಂಥದಿಂದ ವ್ಯಕ್ತವಾಗುವುದು.

ಇಂದಿನ ಸಮಸ್ಯೆಯ ಮರ್ಮವೂ ಇಲ್ಲಿಯೇ ಇದೆ. ಕೇಂದ್ರಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯು ೧೩ ರಾಜ್ಯಗಳಲ್ಲಿ ನಡಸಿ ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೂರಕ್ಕೆ ೫೩.೨೨ ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಅಪಚಾರಕ್ಕೆ ಗುರಿಯಾದುದಾಗಿ ತಿಳಿಸಿದರು. ಅಪಚಾರಿಗಳಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು ಅಥವಾ ನಂಬಿಕೆಯ ಸ್ಥಾನದಲ್ಲಿದ್ದವರು. ಕರ್ನಾಟಕವು ಶಿಕ್ಷಣಕಾರ್ಯಕ್ರಮವನ್ನು ತಡೆಹಿಡಿದದ್ದೂ ಆ ವರ್ಷವೇ. ಇದು ಮನೆಯವರೇ ಏಕಾಂತದಲ್ಲಿ ತಿಳಿಸಬೇಕಾದ ವಿಷಯ, ಶಾಲೆಗೆ ಸೇರಿದ್ದಲ್ಲ ಎಂಬ ಮೂರನೆಯ ಆಕ್ಷೇಪವು ಈ ಲೆಕ್ಕದ ಮುಂದೆ ನಿಲ್ಲಲಾರದು. ಮನೆಯ ವೈಶ್ವಾಸಿಕನೇ ಭಯಕ್ಕೆ ಕಾರಣನಾಗಿರುವ ಮಗುವಿಗೆ ಏಕಾಂತವು ರಕ್ಷೆಯಲ್ಲ, ಅಪಾಯ. ಹತ್ತು ಜನರ ಮುಂದೆ, ಗೊತ್ತಾದ ಪಾಠಕ್ರಮದಂತೆ, ಹೊಣೆಯುಳ್ಳ ಅಧ್ಯಾಪಕರು ಹೇಳುವ ಪಾಠವೊಂದೇ ಆ ಮಗುವನ್ನು ತಲಪಬಲ್ಲುದು. ತಾಯಿತಂದೆಗಳ ಉಪದೇಶಕ್ಕೆ ಇದು ಪ್ರತಿಸ್ಪರ್ಧಿಯಲ್ಲ. ಸಜ್ಜನರ ಮನೆಯಲ್ಲಿ ಎರಡೂ ಒಂದನ್ನೊಂದು ಪೋಷಿಸುವುವು.

ಹದಿನೆಂಟು ತುಂಬದವರನ್ನೆಲ್ಲ ಮಕ್ಕಳೆಂದು ಎಣಿಸಿ ಅವರನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯಿದೆಯು ೨೦೧೨ರಲ್ಲಿ ಬಂದಿತು. ಅಪರಾಧವು ತಿಳಿದುಬಂದರೆ ಅದನ್ನು ಅಧಿಕಾರಿಗಳಿಗೆ ತಿಳಿಸತಕ್ಕದ್ದೆಂದು ಅದರಲ್ಲಿ ಕಡ್ಡಾಯವಿದೆ. ಮಗುವು ಬಾಯಿಬಿಟ್ಟಲ್ಲದೆ ಆ ಕಡ್ಡಾಯವು ಫಲಿಸದು. ಬಾಯಿಬಿಡುವುದನ್ನು ಕಲಿಸದೆ ಕಾಯಿದೆಯನ್ನು ಮಾತ್ರ ಮಾಡಿಟ್ಟರೆ ಬಾವಿಯನ್ನು ತೋಡಿ ಹಗ್ಗವನ್ನು ಕೊಡದಂತಾಗುವುದು.

ಸರ್ಕಾರಗಳು ಈ ವಿಷಯದಲ್ಲಿ ಬಾಯಿಬಿಟ್ಟದ್ದಕ್ಕೆ ಕನ್ನಡನಾಡಿನಲ್ಲಿಯೇ ಪೂರ್ವೋದಾಹರಣೆಯುಂಟು. ಸಂತಾನನಿಯಂತ್ರಣದ ಸಲಹೆ ಕೊಡುವ ಚಿಕಿತ್ಸಾಲಯಗಳನ್ನು ತೆರೆಯಲು ಮೈಸೂರು ಸರ್ಕಾರವು ೧೯೩೦ರಲ್ಲಿಯೇ ಆಜ್ಞೆಮಾಡಿತು. ಸಂಪ್ರದಾಯನಿಷ್ಠೆಗೆ ಹೆಸರಾದ ಸಂಸ್ಥಾನವು ಅದರಿಂದ ಸಂಪ್ರದಾಯಭ್ರಷ್ಟವಾಯಿತೆಂದು ಯಾರೂ ಹೇಳುವುದಿಲ್ಲ.

ಆದಕಾರಣ ವಿದ್ಯಾಸಮುದ್ದೇಶದಿಂದ ಇಂದಿಗೆ ಗ್ರಾಹ್ಯವಾದ ಅಂಶಗಳು ಮೂರು: ಜ್ಞಾನವು ಯೌವನಕ್ಕೆ ಮುಂಚೆಯೇ ದೊರೆಯಬೇಕೆಂಬುದು, ಹೆಣ್ಣು ಗಂಡು ಇಬ್ಬರೂ ಅದಕ್ಕೆ ಅಧಿಕಾರಿಗಳೆಂಬುದು, ತಿಳಿವು ಬೇರೆ ಆಚರಣೆ ಬೇರೆ ಎಂಬುದು. ತ್ಯಾಜ್ಯವಾದವು ಎರಡು: ಕಲಿಕೆಯನ್ನು ಮತ್ತೊಬ್ಬರ ಇಚ್ಛೆಗೆ ಅಧೀನಮಾಡುವುದು, ಬೋಧೆಯನ್ನು ಮನೆಯ ಏಕಾಂತಕ್ಕೆ ಮಾತ್ರ ಬಿಟ್ಟುಕೊಡುವುದು. ದೇಹದ ಮೇಲೆ ಪ್ರತಿಯೊಬ್ಬರಿಗೂ ಇರುವ ಸ್ವಾಮ್ಯವೂ ಸಮ್ಮತಿಯ ಅರ್ಥವೂ ರೋಗನಿವಾರಣೆಯೂ ಹೊಸದಾಗಿ ಸೇರಬೇಕಾದುವು. ಪಾಠಕ್ರಮವನ್ನು ಬರೆಯುವ ವಿದ್ವಾಂಸರೂ ಅದನ್ನು ತರಗತಿಯಲ್ಲಿ ಹೇಳುವ ಭಾಷಾಧ್ಯಾಪಕರೂ ಈ ವಿವೇಕದಿಂದ ನಡೆದರೆ, ಮಲಯವತಿಯ ಹೆಸರನ್ನು ಬರೆದಿಟ್ಟ ಶಾಸ್ತ್ರಕಾರನ ಶ್ರಮವು ಈ ನಾಡಿನಲ್ಲಿ ತಡವಾಗಿಯಾದರೂ ಸಫಲವಾಗುವುದು.